ಕೆಳದನಿ

"ಟೇಪ್ ನಿಲ್ಲಿಸಬೇಡ," ಅಂದ ಕೊಡಲಿ ಹಿಡಿದವನು, ಡ್ರೈವರ್ ಲಿಂಡಾನಿಯ ಬಲಗೈಯನ್ನು ವ್ಯಾನಿನ ಬಾಗಿಲ ಸಂದಿಗೆ ಒತ್ತುತ್ತ. "ಹಾಡ್ಲಿ. ಕೇಳೋಣ."

ರಸ್ತೆಗೆ ಅಡ್ಡಲಾಗಿ ಟೈರುಗಳು ಉರಿಯುತ್ತಿದ್ದವು. ಬಡಾವಣೆಯ ಹುಡುಗರು ವ್ಯಾನನ್ನು ಸುತ್ತುವರಿದಿದ್ದರು. ಮುಂದಿನ ಗಾಜು ಆಗಲೇ ಪ್ರಯಾಣಿಕರ ಮಡಿಲಿನಲ್ಲಿತ್ತು.

ಕ್ಯಾಸೆಟ್ಟಿನಲ್ಲಿ ಗಂಡಸರ ಮೇಳವೊಂದು ವಾದ್ಯವಿಲ್ಲದೆ ಹಾಡುತ್ತಿತ್ತು. ಇಂಥ ಮೇಳಗಳೆಲ್ಲ ಮಾಡುವಂತೆ ಮೊದಲು ಊರು ಹೇಳಿದರು, ಆಮೇಲೆ ಮಲಗುವ ಜಾಗ: ತುಗೇಲಾ ಹೊಳೆಯಾಚೆಯ ಮಕ್ಕಳು ನಾವು, ಡರ್ಬನ್ನಿನ ಗುಡ್ಡದ ಮೇಲಿನ ಕೂಲಿಗಳ ಹಾಸ್ಟೆಲಿನವರು. ಹಾಡಿದ ಕಾಲಕ್ಕೆ ಅದು ಬರೀ ವಿಳಾಸ. ಹೋದ ವಾರ ಆ ಹಾಸ್ಟೆಲಿನ ಗಂಡಸರು ಬಂದು ಈ ಹುಡುಗರ ಬೀದಿಗೆ ಬೆಂಕಿಯಿಟ್ಟಿದ್ದರು.

"ಯಾರೋ ಇವ್ರು? ಹೆಸರು ಹೇಳು."

"ಗೊತ್ತಿಲ್ಲಣ್ಣ. ಸಂತೇಲಿ ಹಳೇ ರಾಶೀಲಿ ಸಿಕ್ತು. ಮೇಲೆ ಏನೂ ಬರೆದಿರ್ಲಿಲ್ಲ. ನಾನೇ ಇವ್ರನ್ನ ಹುಡುಕ್ತಿದೀನಿ."

ನಿಜವೇ ಅದು. ಯಾರೂ ಕೇಳದ ಮೇಳಗಳ ಕ್ಯಾಸೆಟ್ ಹುಡುಕುವುದು ಲಿಂಡಾನಿಯ ಹುಚ್ಚು. ಪ್ರಯಾಣಿಕರು ಡಿಸ್ಕೋ ಹಾಕು ಎಂದರೆ, "ಸುಮ್ನಿರಿ, ಆ ಕೆಳದನಿ ಕೇಳಿ, ನೆಲದೊಳಗಿಂದ ಬರ್ತಿದೆ," ಅನ್ನುತ್ತಿದ್ದ.

"ಹುಡುಕ್ತಿದಾನಂತೆ!" ಕೊಡಲಿಯವನು ಬಾಗಿಲು ಬಡಿದ.

ಲಿಂಡಾನಿಯ ಕೂಗು ಹಾಡನ್ನು ಮುಚ್ಚಿತು. ಕೂಗು ನಿಂತಾಗ ಹಾಡು ಇನ್ನೂ ಇತ್ತು. ಹಿಂದಿನ ಸೀಟಿನಲ್ಲಿ ಮುದುಕ ಸಿತೊಲೆ ತನ್ನ ದನಿಯನ್ನು ತಾನೇ ಕೇಳುತ್ತ ಕೂತಿದ್ದ. ಆ ಕೆಳದನಿ ಅವನದೇ. ಬಾಯಿ ಬಿಟ್ಟರೆ ಯಾವ ಕಿವಿಗಾದರೂ ತಿಳಿಯುತ್ತಿತ್ತು.

ಕೊಡಲಿಯವನು ಒಳಗೆ ಬಗ್ಗಿ ನೋಡಿದ. "ಒಬ್ಬೊಬ್ರೇ ಊರು ಹೇಳಿ."

ಒಬ್ಬೊಬ್ಬರೇ ಹೇಳಿದರು. ಸಿತೊಲೆಯ ಸರದಿ ಬಂತು.

"ಏಯ್ ಮುದುಕ!"

"ಅವ್ನು ಮೂಗ ಕಣೋ," ಅಂದಳು ಪಕ್ಕದಲ್ಲಿ ಕೋಸಿನ ಚೀಲ ಹಿಡಿದಿದ್ದ ಹೆಂಗಸು. ಸಿತೊಲೆ ಅವಳನ್ನು ಹಿಂದೆಂದೂ ನೋಡಿರಲಿಲ್ಲ. "ನನ್ ಗಂಡ. ಮದ್ವೆಯಾದಾಗಿಂದ ಬೈತಿದೀನಿ, ಒಂದ್ ಮಾತು ತಿರುಗಿ ಆಡಿಲ್ಲ. ನಿಮ್ಮವ್ವನಿಗೂ ಇಂಥವ್ನು ಸಿಕ್ಕಿದ್ರೆ ಸುಖವಾಗಿರ್ತಿದ್ಲು."

ಯಾರೋ ನಕ್ಕರು. ಕೊಡಲಿಯವನು ನಗಲಿಲ್ಲ. ಡ್ರೈವರಿನ ಕಡೆ ತಿರುಗಿದ. "ಕೊನೇ ಸಲ ಕೇಳ್ತೀನಿ. ಹೆಸರು."

"ಗೊತ್ತಿದ್ರೆ ಹೇಳ್ತಿದ್ದೆ ಅಣ್ಣಾ. ನಮ್ಮಮ್ಮನಾಣೆ."

ಬಾಗಿಲು ಮತ್ತೆ ಬಡಿಯಿತು. ಸಿತೊಲೆ ತುಟಿ ಕಚ್ಚಿಕೊಂಡ, ರಕ್ತ ಬರುವ ತನಕ ಕಚ್ಚಿದ, ಬಾಯಿ ಮಾತ್ರ ತೆರೆಯಲಿಲ್ಲ. ಹಿಂದೆ ಇನ್ನೊಂದು ವ್ಯಾನು ಬಂದು ನಿಂತದ್ದೇ ಹುಡುಗರು ಅತ್ತ ಓಡಿದರು. ಲಿಂಡಾನಿ ಎಡಗೈಯಲ್ಲಿ ಗೇರು ಹಾಕಿ, ಮೊಣಕೈಯಿಂದ ಸ್ಟೇರಿಂಗ್ ತಿರುಗಿಸಿ, ಟೈರುಗಳ ಸಂದಿಯಲ್ಲಿ ನುಗ್ಗಿಸಿದ. ಹಿಂದೆ ಯಾರದೋ ಕಿರುಚಾಟ ಶುರುವಾಯಿತು. ಯಾರೂ ತಿರುಗಿ ನೋಡಲಿಲ್ಲ.

ದೊಡ್ಡಾಸ್ಪತ್ರೆಯ ಗೇಟಿನಲ್ಲಿ ಎಲ್ಲರೂ ಇಳಿದರು. "ಇನ್ ಮೇಲಾದ್ರೂ ಮಾತಾಡು, ಗಂಡಾ," ಎಂದು ಹೆಂಗಸು ಚೀಲ ಎತ್ತಿಕೊಂಡು ಹೋದಳು. ಸಿತೊಲೆ ಮುಂದೆ ಬಂದು ಡ್ರೈವರಿನ ಕಿಟಕಿಯ ಬಳಿ ನಿಂತ. ಲಿಂಡಾನಿ ಬಲಗೈಯನ್ನು ಅಂಗಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಅದು ಕೈಯ ಹಾಗೆ ಕಾಣುತ್ತಿರಲಿಲ್ಲ.

"ತಮ್ಮಾ," ಅಂದ ಸಿತೊಲೆ.

ಒಂದೇ ಮಾತು ಸಾಕಾಯಿತು. ಲಿಂಡಾನಿ ನಿಧಾನಕ್ಕೆ ಮುಖವೆತ್ತಿದ. ಆಮೇಲೆ ಟೇಪನ್ನು ನೋಡಿದ.

"ನೀನಾ?"

"ನಾನೇ. ಇದನ್ನ ಹಾಡಿದ ದಿನ ಇನ್ನೊಂದು ಕ್ಯಾಸೆಟ್ ಮಾಡಿದ್ವಿ. ಅಂಗಡಿಗೇ ಹೋಗ್ಲಿಲ್ಲ, ಯಾರೂ ಕೇಳಿಲ್ಲ. ಇದಕ್ಕಿಂತ ಚೆನ್ನಾಗಿದೆ. ಹಾಡಿದವ್ರಲ್ಲಿ ಉಳಿದಿರೋನು ನಾನೊಬ್ನೇ. ನಾಳೆ ತಂದ್ಕೊಡ್ತೀನಿ. ನಿಂಗೇ ಇರ್ಲಿ."

ಲಿಂಡಾನಿ ಎಡಗೈ ಚಾಚಿ ಟೇಪ್ ನಿಲ್ಲಿಸಿದ.

"ಬೇಡ," ಅಂದ.