ಮೂರನೇ ಸಿಲಿಂಡರಿನ ಕಾಟ

ಆಸ್ಪತ್ರೆಯ ಎದುರಿನ ಏರಿನಲ್ಲಿ ಕಾರು ಮತ್ತೆ ಬಿಕ್ಕಳಿಸತೊಡಗಿದಾಗ ಕೇಕ್ ಮಾಡುವವಳ ಕಣ್ಣು ರಸ್ತೆಗಿಂತ ಹೆಚ್ಚಾಗಿ ಕನ್ನಡಿಯ ಮೇಲಿತ್ತು. ಹಿಂದಿನ ಸೀಟು ಮಡಚಿ, ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಮೂರಂತಸ್ತಿನ ಕೇಕನ್ನು ಮಗುವಿನಂತೆ ಕೂರಿಸಿದ್ದಳು. ಎಂಜಿನ್ ಒಮ್ಮೆ ಜಗ್ಗಿತು, ಮೇಲಿನ ಅಂತಸ್ತು ಬೆರಳಗಲ ಜರುಗಿತು. ಇನ್ನೊಮ್ಮೆ ಜಗ್ಗಿತು, ಕ್ರೀಮಿನ ಗುಲಾಬಿಗಳು ಹೋಗಿ ಹಿಂದಿನ ಗಾಜಿಗೆ ಮೆತ್ತಿಕೊಂಡವು.

"ಹಾಳಾಗಿ ಹೋಗು!" ಎಂದು ಸ್ಟೇರಿಂಗಿಗೆ ಗುದ್ದಿದಳು. ಹಾರ್ನ್ ಮಾತ್ರ ಯಾವ ತೊಂದರೆಯೂ ಇಲ್ಲದೆ ಕೂಗಿತು.

ಅವಳ ಕೈಗೆ ಬರುವ ಮೊದಲೇ ಹಲವು ಯಜಮಾನರನ್ನು ಕಂಡಿದ್ದ ಕಾರು ಅದು. ಮನೆಯಲ್ಲೇ ಕೇಕ್ ಮಾಡಿ ಮನೆಮನೆಗೆ ತಲುಪಿಸುವ ಅವಳಿಗೆ ಅದೇ ಕೈಕಾಲು. ಮೊದಲೆಲ್ಲ ಚೆನ್ನಾಗೇ ಓಡುತ್ತಿತ್ತು. ಈಚೆಗೆ ಬೆಳಿಗ್ಗೆ ಹೊರಟಾಗಲೆಲ್ಲ ಹೀಗೆ ಜಗ್ಗಿ ಜಗ್ಗಿ ಮಿಸ್ಸಿಂಗ್ ಹೊಡೆಯುತ್ತಿತ್ತು. ಸ್ವಲ್ಪ ದೂರ ಹೋಗಿ ಬಿಸಿಯಾಯಿತೆಂದರೆ ಏನೂ ಆಗಿಲ್ಲವೆಂಬಂತೆ ನುಣ್ಣಗೆ ಓಡುತ್ತಿತ್ತು. ಗ್ಯಾರೇಜಿನ ಬಾಗಿಲಿಗೆ ಹೋದರಂತೂ ಅಷ್ಟು ಸಾಧುವಾದ ಕಾರು ಇನ್ನೊಂದಿಲ್ಲ.

ಗ್ಯಾರೇಜಿನವನನ್ನು ಎಲ್ಲರೂ ಸೈಲೆನ್ಸರ್ ಎಂದು ಕರೆಯುತ್ತಿದ್ದರು, ಅವನು ಮೆಲ್ಲಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ. ಅವನು ಸ್ಕ್ಯಾನರ್ ಚುಚ್ಚಿ ನೋಡಿ, "ಮೂರನೇ ಸಿಲಿಂಡರ್ ಮೇಡಂ! ಅದೊಂದೇ ಸರಿಯಾಗಿ ಉರೀತಿಲ್ಲ!" ಎಂದು ಬೀದಿಗೆಲ್ಲ ಸಾರಿದ. ಪ್ಲಗ್ ಬದಲಾಯಿಸಿದ. ಮರುದಿನ ಬೆಳಿಗ್ಗೆ ಅದೇ ರಾಗ. ಆಮೇಲೆ ಪ್ಲಗ್ಗಿಗೆ ಕರೆಂಟ್ ಕೊಡುವ ಮೂರನೆಯದರ ಕಾಯಿಲ್ ಕಿತ್ತು ಎರಡನೆಯದಕ್ಕೆ ಹಾಕಿದ, ಎರಡನೆಯದನ್ನು ಮೂರಕ್ಕೆ.

"ಯಾಕೆ ಹೀಗೆ ಅದಲುಬದಲು?" ಎಂದಳು.

"ಕಾಯಿಲ್ ಕೆಟ್ಟಿದ್ರೆ ಮಿಸ್ಸಿಂಗ್ ಅದರ ಹಿಂದೇನೇ ಎರಡಕ್ಕೆ ಹೋಗತ್ತೆ. ಮೂರರಲ್ಲೇ ಉಳಿದ್ರೆ ಕಾಯಿಲ್ ತಪ್ಪಿಲ್ಲ ಅಂತ!"

ಮೂರರಲ್ಲೇ ಉಳಿಯಿತು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೊಳೆದದ್ದಾಯಿತು, ಒತ್ತಡ ಪರೀಕ್ಷೆಯೂ ಆಯಿತು. ಕೊನೆಗೆ ಅವನು ಕಾರನ್ನು ಗ್ಯಾರೇಜಿನಲ್ಲೇ ಉಳಿಸಿಕೊಂಡು ಬೆಳಿಗ್ಗೆ ತಾನೇ ಸ್ಟಾರ್ಟ್ ಮಾಡಿ ನೋಡಿದ. ಬೆಣ್ಣೆಯ ಹಾಗೆ ಓಡಿತು.

"ಮೇಡಂ, ಇದು ನಿಮ್ಮನೆಯಲ್ಲಿ ಮಾತ್ರ ಕೆಡತ್ತೆ!" ಎಂದು ಫೋನಿನಲ್ಲಿ ಕಿರುಚಿದ. ಪಕ್ಕದಲ್ಲಿದ್ದ ಗಂಡನಿಗೂ ಅದು ಕೇಳಿಸಿತು.

"ಮಾರಿಬಿಡು ಅಂತ ಆವತ್ತೇ ಹೇಳ್ದೆ," ಎಂದ ಗಂಡ.

"ಯಾರಿಗೆ ಮಾರ್ಲಿ? ಬೆಳಿಗ್ಗೆ ಹೊತ್ತು ಮನೆ ಬಿಟ್ಟು ಹೊರಡದೇ ಇರೋರಿಗಾ?"

ಅಲ್ಲೇ ಕೂತಿದ್ದ ಮಾವ ಮಾತ್ರ ಪಾಪ ತಲೆಯಾಡಿಸಿದರು. ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ವಿಭಾಗವನ್ನು ನೋಡಿಕೊಂಡು ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಮಗನ ಮನೆಗೆ ಬಂದಿದ್ದರು. ಸುಮ್ಮನೆ ಕೂತು ಗೊತ್ತಿಲ್ಲದ ಜೀವ. ಬಂದ ವಾರದಲ್ಲೇ ಕಾರು ತೊಳೆಯುವ ಕೆಲಸವನ್ನು ಯಾರೂ ಹೇಳದೆ ಮೈಮೇಲೆ ಹಾಕಿಕೊಂಡಿದ್ದರು. ಬೆಳಿಗ್ಗೆ ಅವರು ತೊಳೆಯುವ ಹೊತ್ತಿಗೆ ಅವಳು ಓವನ್ ಮುಂದೆ ಇರುತ್ತಿದ್ದಳು. ಹೊರಗೆ ಬರುವಾಗ ಕಾರು ಫಳಫಳ ಹೊಳೆಯುತ್ತಿತ್ತು. ಇಷ್ಟಾದರೂ ಸುಖವಿದೆಯಲ್ಲ ಎಂದುಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಕರೆಂಟ್ ಹೋಯಿತು. ಅರ್ಧ ಬೆಂದ ಕೇಕನ್ನು ಓವನಿನಲ್ಲೇ ಬಿಟ್ಟು, ಫ್ಯೂಸ್ ನೋಡೋಣವೆಂದು ಅಂಗಳಕ್ಕೆ ಬಂದಳು. ಬಂದವಳು ಅಲ್ಲೇ ನಿಂತುಬಿಟ್ಟಳು. ಕಾರಿನ ಬಾನೆಟ್ ತೆರೆದಿತ್ತು. ಮಾವ ಪ್ಯಾಂಟು ಮಡಚಿಕೊಂಡು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಎಂಜಿನ್ನಿನ ನೆತ್ತಿಗೆ ಸರಿಯಾಗಿ ನೀರು ಚಿಮ್ಮಿಸುತ್ತಿದ್ದರು. ಬಾಯಲ್ಲಿ ಏನೋ ಹಾಡು ಬೇರೆ.

"ಮಾವ!"

"ಬಂದೆಯಾ ಅಮ್ಮ? ಒಂದು ನಿಮಿಷ, ಈ ಮೂಲೇಲಿ ಇನ್ನೂ ಧೂಳಿದೆ."

"ಪೈಪ್ ಕೆಳಗಿಡಿ!"

ಮದುವೆಯಾದ ಮೇಲೆ ಅವರೆದುರು ಅವಳು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಸೈಲೆನ್ಸರ್ ಮಾಡಿದ್ದನ್ನು ನೋಡಿ ನೋಡಿ ಅವಳಿಗೂ ಕೆಲಸ ಬಾಯಿಪಾಠವಾಗಿತ್ತು. ಸ್ಪ್ಯಾನರ್ ತಂದು, ಮೂರನೇ ಕಾಯಿಲಿನ ಬೋಲ್ಟ್ ಬಿಚ್ಚಿ, ಮೇಲಕ್ಕೆಳೆದಳು. ಕಾಯಿಲಿನ ತುದಿಯಿಂದ ನೀರು ತೊಟ್ಟಿಕ್ಕಿತು. ಟಾರ್ಚ್ ಬಿಟ್ಟು ನೋಡಿದರೆ ಪ್ಲಗ್ ಕುಳಿತಿದ್ದ ಕುಳಿಯಲ್ಲಿ ಲೋಟದಲ್ಲಿದ್ದಂತೆ ಅರ್ಧದವರೆಗೆ ನೀರು ತುಂಬಿತ್ತು. ಎಂಜಿನ್ನಿನ ಮೇಲ್ಭಾಗ ಅಲ್ಲೇ ಸ್ವಲ್ಪ ತಗ್ಗಾಗಿತ್ತು. ಕುಳಿಯ ಬಾಯಲ್ಲಿ ನೀರು ತಡೆಯಬೇಕಾದ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಬಿದ್ದ ನೀರೆಲ್ಲ ಅಲ್ಲಿಗೇ ಇಳಿದು ಕಿಡಿಯನ್ನು ನುಂಗುತ್ತಿತ್ತು. ಎಂಜಿನ್ ಬಿಸಿಯಾಗಿ ನೀರು ಆವಿಯಾದರೆ ಕಾಯಿಲೆಯೂ ಮಾಯ, ಗುರುತೂ ಮಾಯ.

"ಎಷ್ಟು ದಿನದಿಂದ ಹೀಗೆ ಒಳಗಡೆ ತೊಳೀತಿದ್ದೀರಿ?"

"ಮೊದಲು ಯಾವಾಗಾದ್ರೊಮ್ಮೆ. ಎಂಜಿನ್ ಸರಿ ಇಲ್ಲ ಅಂತ ನೀನು ಒದ್ದಾಡ್ತಿದ್ದೆಯಲ್ಲ, ಕೊಳೆ ಕೂತು ಹೀಗಾಗಿದೆ ಅಂತ ಆಮೇಲೆ ದಿನಾ ತೊಳೆದೆ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತಿಳಿಯದ್ದಕ್ಕೆ ಸಿಟ್ಟೇ ಬಂತು. ಹಾಳಾದ ಕೇಕು, ಕೈತಪ್ಪಿದ ಗಿರಾಕಿಗಳು, ಗ್ಯಾರೇಜಿನ ಬೆಂಚಿನ ಮೇಲೆ ಕೂತು ಕಳೆದ ಮಧ್ಯಾಹ್ನಗಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಮಾವ ನಲ್ಲಿ ತಿರುಗಿಸಿ ನಿಲ್ಲಿಸಿ, ಪೈಪನ್ನು ಅಂದವಾಗಿ ಸುತ್ತಿಟ್ಟು ಒಳಗೆ ಹೋದರು.

ಸೈಲೆನ್ಸರ್ ಕುಳಿ ಒಣಗಿಸಿ, ನಾಲ್ಕಕ್ಕೂ ಹೊಸ ರಬ್ಬರ್ ಹಾಕಿದ. "ಪ್ಲಗ್ ಬಿಚ್ಚಿದಾಗಲೇ ತುಕ್ಕು ಕಂಡಿತ್ತು ಮೇಡಂ. ಹಳೇ ಗಾಡಿ ಅಲ್ವಾ, ಇರತ್ತೆ ಬಿಡು ಅಂದ್ಕೊಂಡೆ," ಎಂದ. ಆ ಒಂದು ಮಾತನ್ನು ಮಾತ್ರ ಸಣ್ಣ ದನಿಯಲ್ಲಿ ಹೇಳಿದ. ಅವಳು ಹಲ್ಲು ಕಚ್ಚಿಕೊಂಡಳು.

ಕಾರು ನೆಟ್ಟಗಾಯಿತು, ಮನೆ ಸೊಟ್ಟಗಾಯಿತು. ಮಾವ ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟರು. ಊಟಕ್ಕೆ ಕರೆದರೆ ಬರುತ್ತಿದ್ದರು, ಉಂಡ ತಟ್ಟೆ ತೊಳೆದಿಟ್ಟು ಕೋಣೆ ಸೇರುತ್ತಿದ್ದರು. ಗಂಡ, "ನೀನೇ ಹೋಗಿ ಮಾತಾಡು," ಎಂದ. "ನೀರು ಹಾಕಿದ್ದು ಅವರು, ಹೋಗಬೇಕಾದ್ದು ನಾನಾ?" ಎಂದು ರೇಗಿದಳು. ರೇಗಿದರೂ, ಧೂಳು ಮೆತ್ತಿದ ಕಾರನ್ನು ನೋಡಿದಾಗಲೆಲ್ಲ ಸುತ್ತಿಟ್ಟ ಪೈಪಿನ ಕಡೆಗೆ ಕಣ್ಣು ಹೋಗುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಕ್ರೀಮ್ ಕಡೆಯುತ್ತಿದ್ದವಳು ಬಟ್ಟಲನ್ನು ಅಲ್ಲೇ ಇಟ್ಟು ಅವರ ಬಾಗಿಲಿಗೆ ಹೋದಳು.

"ಮಾವ, ಕಾರು ನೋಡೋಕಾಗ್ತಿಲ್ಲ. ನಾನು ಹೀಗೇ ಹೋದ್ರೆ ನನ್ನ ಕೇಕ್ ಯಾರು ತಿಂತಾರೆ?"

"ನಾನು ಮುಟ್ಟಲ್ಲಮ್ಮ."

"ಹೊರಗಡೆ ಎಷ್ಟು ಬೇಕಾದ್ರೂ ನೀರು ಹಾಕಿ. ಬಾನೆಟ್ ಮಾತ್ರ ತೆಗೀಬೇಡಿ."

ಅವರು ಪ್ಯಾಂಟು ಮಡಚಿಕೊಳ್ಳುತ್ತ ಎದ್ದರು. ಅವಳು ಹಿಂದೆಯೇ ಬಂದು ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಳು.

"ಇಲ್ಲೇ ನಿಂತಿರ್ತೀಯಾ? ನನ್ನ ಮೇಲೆ ನಂಬಿಕೆ ಇಲ್ವಾ?"

"ಎಳ್ಳಷ್ಟೂ ಇಲ್ಲ."

ಎಷ್ಟೋ ದಿನದ ಮೇಲೆ ಮಾವ ನಕ್ಕರು. ನಾಲ್ಕೂ ಚಕ್ರ ಉಜ್ಜಿ ಮುಗಿಸುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ. ಅಷ್ಟರಲ್ಲಿ ಒಳಗಿನ ಸೆಕೆಗೆ ಕ್ರೀಮ್ ಕರಗಿ ನೀರಾಗಿತ್ತು. ಅದಕ್ಕೂ ಸೇರಿಸಿ ಅವರನ್ನೇ ಚೆನ್ನಾಗಿ ಬೈದಳು. ಈ ಸಲ ಅವರು ಕೋಣೆಗೆ ಹೋಗಲಿಲ್ಲ, ತಿರುಗಿ ಬೈದರು.