ದೇವರ ಗೂಡಿನಲ್ಲಿ ಕಾರಿನ ಕೀ

ನನ್ನ ಕಾರಿನ ಕೀಯನ್ನು ಮಾವ ಚಿಕ್ಕಬೀರಪ್ಪನವರು ದೇವರ ಗೂಡಿನಲ್ಲಿಟ್ಟು, ಅದರ ಮೇಲೊಂದು ಚೆಂಡುಹೂವನ್ನೂ ಇಟ್ಟರು. ಮದುವೆಗೆ ಮುಂಚೆ ನಾನೇ ದುಡಿದು ಕೊಂಡ ಹಳೇ ಕಾರು ಅದು. ಇಂಜಿನ್ನಿನ ಹಳದಿ ದೀಪ ಒಂದು ವಾರ ಹತ್ತುತ್ತದೆ, ಇನ್ನೊಂದು ವಾರ ತಾನೇ ಆರುತ್ತದೆ, ಇಷ್ಟೇ ಅದರ ಅಪರಾಧ. ಆ ತಂಟೆ ತೀರುವವರೆಗೆ ಸೊಸೆ ಕಾರು ಮುಟ್ಟಬಾರದು ಎಂದು ತೀರ್ಪಾಯಿತು. ಮಗ ಮಾತ್ರ ಮುಟ್ಟಬಹುದಂತೆ, ಅವನು ನೋಡಿಕೊಂಡು ಓಡಿಸುತ್ತಾನಂತೆ.

ನಾನು ಏರ್‌ಪೋರ್ಟಿನ ಕಾರ್ಗೋ ಆಫೀಸಿನಲ್ಲಿದ್ದೇನೆ. ಸೋಮವಾರದಿಂದ ನನಗೆ ಬೆಳಗಿನ ಜಾವದ ಪಾಳಿ. ಏರ್‌ಪೋರ್ಟಿನ ಕಡೆಯ ಚನ್ನರಾಯಪಟ್ಟಣದಿಂದಾಚೆ ಇರುವ ನಮ್ಮೂರಿನಲ್ಲಿ ಆ ಹೊತ್ತಿಗೆ ಬಸ್ಸಿರಲಿ, ಕೋಳಿಯೂ ಎದ್ದಿರುವುದಿಲ್ಲ. ಒಂದು ದಿನ ತಪ್ಪಿದರೂ ಬೇರೆಯವರನ್ನು ಹಾಕಿಕೊಳ್ಳುತ್ತೇವೆ ಎಂದು ಸೂಪರ್‌ವೈಸರ್ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ. ಸೋಮವಾರದೊಳಗೆ ಕೀ ಕೈಗೆ ಬರದಿದ್ದರೆ ನನ್ನ ಕೆಲಸ ಹೋದಂತೆಯೇ.

ನನ್ನ ಗಂಡ ಉಮಾಶಂಕರನಿಗೆ ಇದರಿಂದ ನಿದ್ದೆಯೇನೂ ಕೆಡಲಿಲ್ಲ. ದೊಡ್ಡಬಳ್ಳಾಪುರದ ಫ್ಯಾಕ್ಟರಿಗೆ ಬೈಕಿನಲ್ಲಿ ಹೋಗುತ್ತಿದ್ದವನು ಈಗ ಎಸಿ ಹಾಕಿಕೊಂಡು ನನ್ನ ಕಾರಿನಲ್ಲಿ ಹೋಗಲಾರಂಭಿಸಿದ. ಹೆಂಗಸರು ಕ್ಲಚ್ಚಿನ ಮೇಲೇ ಕಾಲಿಟ್ಟುಕೊಂಡು ಓಡಿಸುತ್ತಾರೆ, ಅದಕ್ಕೇ ಇಂಜಿನ್ನಿಗೆ ಸಿಟ್ಟು ಬರುತ್ತದೆ ಎಂಬುದು ಅವನ ಸಂಶೋಧನೆ. ಒಂದು ಸಂಜೆ ಅವನು ಮನೆಗೆ ಬಂದಾಗಲೂ ದೀಪ ಹತ್ತಿಯೇ ಇತ್ತು. ಇದು ಯಾರ ಕಾಲು ಎಂದು ಕೇಳಿದೆ. ನೀನು ಓಡಿಸಿದ ಅಭ್ಯಾಸ ಗಾಡಿಯಲ್ಲಿ ಇನ್ನೂ ಉಳಿದುಕೊಂಡಿದೆ ಎಂದ, ನಾಚಿಕೆಯಿಲ್ಲದೆ.

ಪಕ್ಕದ ಮನೆಯ ಪಿಳ್ಳಣ್ಣನೂ ಒಂದು ಕೈ ನೋಡಿದ. ಏರ್‌ಪೋರ್ಟ್ ಬಂದಾಗ ಸೈಟು ತೋರಿಸುತ್ತಾ ಓಡಾಡಿದವನು, ಅಂದಿನಿಂದ ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಬ್ಯಾಟರಿಯ ವೈರು ಕಿತ್ತು ಮತ್ತೆ ಸಿಕ್ಕಿಸಿದ. ದೀಪ ಆರಿತು. ಕಂಪನಿಯವರಿಗೆ ಬುದ್ಧಿ ಇಲ್ಲ ಎಂದು ಹೇಳಿ, ಕಾಫಿ ಕುಡಿದು, ಮೀಸೆ ಒರೆಸಿಕೊಂಡು ಹೋದ. ಅದೇ ವಾರ ದೀಪ ಮತ್ತೆ ಹತ್ತಿತು, ಪಿಳ್ಳಣ್ಣ ಮಾತ್ರ ನಮ್ಮ ಬೀದಿಯಲ್ಲೇ ಕಾಣಲಿಲ್ಲ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಭಾನುವಾರ ಬೆಳಿಗ್ಗೆ, ಆನ್‌ಲೈನಿನಲ್ಲಿ ತರಿಸಿಕೊಂಡಿದ್ದ ಗಾಡಿಯ ದೋಷ ಓದುವ, ಬೆಂಕಿಪೊಟ್ಟಣದಷ್ಟು ಚಿಕ್ಕ ಸ್ಕ್ಯಾನರ್ ಹಿಡಿದು ಅಂಗಳಕ್ಕೆ ಬಂದೆ. ಕೀ ಕೊಡಿ, ಎಲ್ಲರ ಕಣ್ಣೆದುರಿಗೇ ನೋಡುತ್ತೇನೆ, ಗಾಡಿಯನ್ನು ಒಂದು ಗೇಣೂ ಮುಂದೆ ಬಿಡುವುದಿಲ್ಲ ಎಂದೆ. ಮಾವ ಕೀ ಕೊಟ್ಟು, ಚಪ್ಪರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ ಕೀ ತಿರುಗಿಸಿದೆ, ಫೋನಿನಲ್ಲಿ ಕಾರಣ ಮೂಡಿತು. ಇಂಜಿನ್ನಿಗೆ ಏನೂ ಆಗಿಲ್ಲ, ಪೆಟ್ರೋಲಿನ ಆವಿ ಎಲ್ಲೋ ಸೋರುತ್ತಿದೆ, ಮೊದಲು ಟ್ಯಾಂಕಿನ ಮುಚ್ಚಳ ನೋಡಿ ಎಂದಿತ್ತು.

ನೋಡಿದೆ. ಮುಚ್ಚಳದ ಕುತ್ತಿಗೆಗೆ ಅರಿಶಿನದ ದಾರಗಳು ಒಂದರ ಮೇಲೊಂದು ಸುತ್ತಿಕೊಂಡಿದ್ದವು, ಒಂದೊಂದರಲ್ಲೂ ಅರಿಶಿನ ಕೊಂಬಿನ ತುಂಡು. ಮುಚ್ಚಳ ತಿರುಗಿಸಿದಾಗ ದಾರ ಒಮ್ಮೊಮ್ಮೆ ರಬ್ಬರಿನ ಸಂದಿಗೆ ಸಿಕ್ಕಿಕೊಳ್ಳುತ್ತಿತ್ತು, ಒಮ್ಮೊಮ್ಮೆ ತಪ್ಪಿಸಿಕೊಳ್ಳುತ್ತಿತ್ತು. ದೀಪದ ಆಟವೆಲ್ಲ ಇಷ್ಟೇ.

ಅತ್ತೆ ಅಶ್ವತ್ಥಮ್ಮನವರು ತಾವೇ ಕಟ್ಟಿದ್ದು ಎಂದು ಒಪ್ಪಿಕೊಂಡರು. ಉಣ್ಣುವ ಬಾಯಿಗೇ ಮೊದಲು ದೃಷ್ಟಿ ತಾಗುವುದಂತೆ, ಕಾರು ಉಣ್ಣುವ ಬಾಯಿ ಅದೇ ತಾನೇ ಎಂದರು. ದೀಪ ಹತ್ತಿದಾಗಲೆಲ್ಲ ದೃಷ್ಟಿ ಜೋರಾಗಿದೆ ಎಂದುಕೊಂಡು, ಶುಕ್ರವಾರ ಇನ್ನೊಂದು ದಾರ ಸುತ್ತುತ್ತಿದ್ದರಂತೆ. ಸಾಲದ್ದಕ್ಕೆ ಮಾತನ್ನು ನನಗೇ ತಿರುಗಿಸಿದರು.

"ನಾನು ಕಟ್ಟಿದ್ದಕ್ಕೆ ಬರೀ ದೀಪ ಹತ್ಕೊಂತು ಕಣಮ್ಮ. ಇಲ್ದಿದ್ರೆ ಗಾಡಿನೇ ಹತ್ಕೊಂತಿತ್ತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಗ ಇನ್ನೊಂದು ವಿಷಯ ಹೊಳೆಯಿತು. ಹೆಂಗಸರು ಬಂಕಿನಲ್ಲಿ ನಿಲ್ಲುವುದು ಚೆನ್ನಾಗಿರುವುದಿಲ್ಲ ಎಂದು ಪೆಟ್ರೋಲ್ ಹಾಕಿಸುತ್ತಿದ್ದವನು ಯಾವಾಗಲೂ ಉಮಾಶಂಕರನೇ. ಈ ದಾರ ಇವನ ಕಣ್ಣಿಗೆ ಬೀಳದೇ ಇರುತ್ತದೆಯೇ? ಕೇಳಿದೆ. ಅಂಗಳದಲ್ಲೇ ಕಾರಿನ ಚಕ್ರ ತೊಳೆಯುತ್ತಿದ್ದ ಅವನು, ತೊಳೆದ ಚಕ್ರವನ್ನೇ ಮತ್ತೆ ತೊಳೆದ. ಆಮೇಲೆ ಬಾಯಿಬಿಟ್ಟ.

"ಮುಚ್ಚಳ ಸರಿಯಾಗಿ ಕೂರ್ತಿಲ್ಲ, ದಾರ ತೆಗೀರಿ ಅಂತ ಬಂಕ್‌ನೋನು ಹೇಳಿದ್ದ. ಅಮ್ಮಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ."

ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅತ್ತೆ ಮಾತ್ರ ಮಗನ ಮುಂದೆ ಹೋಗಿ ನಿಂತರು.

"ನಂಗೆ ಬೇಜಾರಾಗುತ್ತೆ ಅಂತ ಅವಳ ಕೀ ಇಸ್ಕೊಂಡ್ಯಾ? ಆ ಹೈವೇಲಿ ಲಾರಿಗಳ ಮಧ್ಯೆ ಒಬ್ಳೇ ಹೋಗ್ತಾಳಲ್ಲ ಅಂತ ಹೆದರಿ ಕಟ್ಟಿದ್ದು ಕಣೋ ನಾನು. ಮನೇಲಿ ಕೂರ್ಸೋಕಲ್ಲ."

ಅಲ್ಲಿಯವರೆಗೆ ನನಗೆ ಅವರ ಮೇಲೂ ಸಿಟ್ಟಿತ್ತು. ಆ ಮಾತು ಕೇಳಿ ಅದು ಇಳಿಯಿತು. ದಾರಗಳನ್ನು ಬಿಚ್ಚಿದೆ, ರಬ್ಬರು ಒರೆಸಿದೆ, ಮುಚ್ಚಳವನ್ನು ಕಟಕಟ ಎನ್ನುವವರೆಗೂ ತಿರುಗಿಸಿದೆ, ಫೋನಿನಲ್ಲಿ ಹಳೇ ದೂರನ್ನು ಅಳಿಸಿದೆ. ದೀಪ ಆರಿತು. ಕೀ ಮತ್ತೆ ಗೂಡಿಗೆ ಹೋಗಬೇಕೇ ಎಂದು ಕೇಳಿದೆ. ಮಾವ ಹೂವಿನ ಗಿಡ ನೋಡುತ್ತಾ ಕೂತರು. ಅದು ನಿನ್ನ ಸೆರಗಿನಲ್ಲೇ ಇರಲಿ ಎಂದರು ಅತ್ತೆ.

ಆದರೆ ಬಿಚ್ಚಿದ ದಾರವನ್ನು ಎಸೆಯಲು ಅವರು ಬಿಡಲಿಲ್ಲ. ಪೂಜೆ ಮಾಡಿದ ದಾರ, ಯಾರಿಗಾದರೂ ಕಟ್ಟಲೇಬೇಕಂತೆ. ಮಗನನ್ನು ಕರೆದು, ಅಷ್ಟೂ ದಾರಗಳನ್ನು ಅವನ ಬಲಗೈಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದರು. ದೃಷ್ಟಿ ಕಾರಿಗಲ್ಲ, ನಿಂಗೇ ತಾಗಿರೋದು ಎಂದರು.

ಸೋಮವಾರ ನಸುಕಿನಲ್ಲಿ ನಾನು ಕಾರು ಹೊರಗೆ ತೆಗೆದೆ. ಗೇಟು ತೆಗೆಯಲು ಉಮಾಶಂಕರ ಎದ್ದು ಬಂದಿದ್ದ. ದಾರ ಸುತ್ತಿದ ಅವನ ಕೈ ಇನ್ನೂ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು.