ವಿಜಯಲಕ್ಷ್ಮಿ ಕೇಳಿದ ಪ್ರಶ್ನಿ

ಗಬ್ಬೂರಿನ ಅಯ್ಯಮ್ಮಗೆ ಮಗಳ ಶಾಲೆಯ ಸಮಾಜ ಪಾಠದ ಮೇಲೆ ಸಿಟ್ಟು. ಒಂಬತ್ತನೇ ಕ್ಲಾಸಿನ ವಿಜಯಲಕ್ಷ್ಮಿ ಇಸವಿ ಬಾಯಿಪಾಠ ಮಾಡುವುದು ಬಿಟ್ಟು, ಪೇಪರಿನ ಸುದ್ದಿ ಹಿಡಿದು "ಇದನ್ನ ಹೇಳಿದೋರು ಯಾರು? ಕಣ್ಣಾರೆ ಕಂಡೋರು ಯಾರು?" ಅನ್ನುತ್ತಿದ್ದಳು.

ಸಂತೆಯಲ್ಲಿ ಸಿಕ್ಕ ಸಮಾಜ ಪಾಠದ ಪಂಪಾಪತಿ ಮಾಸ್ತರರನ್ನು ಅಯ್ಯಮ್ಮ ಕೇಳಿಯೇಬಿಟ್ಟಳು. "ಪರೀಕ್ಷಾದಾಗ ಉತ್ರ ಬರೀಬೇಕ್ರಿ ಸರ. ನೀವು ಪ್ರಶ್ನಿ ಕೇಳೂದು ಕಲಸಾಕತ್ತೀರಿ. ನಾಳಿ ನಮಗ ಎದುರಾಡ್ತಾಳ."

"ಎದುರಾಡೂದಲ್ರಿ ಯವ್ವಾ, ವಿಚಾರ ಮಾಡೂದು. ಕಾಳು ಹಸನ ಮಾಡಿದಂಗ ಸುದ್ದಿನೂ ಹಸನ ಮಾಡ್ಬೇಕು," ಎಂದರು ಮಾಸ್ತರು. ಅಯ್ಯಮ್ಮಗೆ ಆ ಮಾತು ರುಚಿಸಲಿಲ್ಲ.

ಆ ವಾರವೇ ಊರಿನ ಮೊಬೈಲುಗಳಲ್ಲಿ ಒಂದು ಫೋಟೋ ಹರಿದಾಡಿತು. ಚೀಲ ಹೊತ್ತ ಒಬ್ಬ ಹೆಂಗಸು. ಕೆಳಗೆ, "ಮಕ್ಕಳ ಕಳ್ಳರು ನಮ್ಮ ದೇವದುರ್ಗ ತಾಲೂಕಿಗೆ ಬಂದಾರ. ಎಲ್ಲರಿಗೂ ಕಳಿಸ್ರಿ."

ರವಿವಾರ ಮಾನ್ವಿಯ ಬಡೇಬೀ ಎಂಬಾಕೆ ಚೀಲ ಹೊತ್ತು ಅಯ್ಯಮ್ಮನ ಓಣಿಗೆ ಬಂದಳು. ತಲೆಗೂದಲು ತೊಗೊಂಡು ಸ್ಟೀಲ್ ಪಾತ್ರೆ ಕೊಡುವುದು ಆಕೆಯ ವ್ಯಾಪಾರ. ಅಳುತ್ತಿದ್ದ ಕೂಸಿನ ಕೈಗೆ ಬಿಸ್ಕೀಟು ಕೊಟ್ಟಿದ್ದೇ ತಡ, "ಬಂದಾಳ ನೋಡ್ರೇ ಕಳ್ಳಿ!" ಎಂದು ಮೊದಲು ಕೂಗಿದವಳು ಅಯ್ಯಮ್ಮನೇ. ಓಣಿ ತುಂಬಿತು. ಒಬ್ಬರು ಚೀಲ ಎಳೆದರು, ಇನ್ನೊಬ್ಬರು ಬಡಿಗೆ ತಂದರು.

"ಅಲ್ಲಾನ ಆಣಿ, ವ್ಯಾಪಾರಕ್ಕ ಬಂದೀನ್ರಿ," ಬಡೇಬೀ ಕೈಮುಗಿದಳು.

ವಿಜಯಲಕ್ಷ್ಮಿ ನುಗ್ಗಿ ಆಕೆಯ ಮುಂದೆ ನಿಂತಳು. "ತಡೀರಿ! ಯಾರ ಕೂಸು ಕಳದದ? ಹೆಸರು ಹೇಳ್ರಿ."

ಓಣಿಯ ಕೂಸುಗಳೆಲ್ಲ ಅಲ್ಲೇ ಇದ್ದವು; ವಿಜಯಲಕ್ಷ್ಮಿ ತಾಯಿಯ ಕಡೆ ತಿರುಗಿದಳು.

"ಯವ್ವಾ, ಆ ಫೋಟೋ ಯಾರು ಕಳಿಸ್ಯಾರ?"

"ನಿಮ್ಮ ಮಾವ."

"ಮಾವಗ ಯಾರು ಕಳಿಸ್ಯಾರ? ಫೋನ್ ಹಚ್ಚು."

"ನನಗೇನ್ ಗೊತ್ತು? ಬಂದಿತ್ತು, ಕಳಿಸೀನಿ," ಅಂದ ಮಾವ ಫೋನಿನಲ್ಲಿ. ವಿಜಯಲಕ್ಷ್ಮಿ ಫೋಟೋ ದೊಡ್ಡದು ಮಾಡಿದರೆ ಹಿಂದಿನ ಅಂಗಡಿಯ ಬೋರ್ಡು ಕನ್ನಡವೂ ಅಲ್ಲ, ತೆಲುಗೂ ಅಲ್ಲ; ಆ ಫೋಟೋ ಈ ಸೀಮೆಯದೇ ಅಲ್ಲ. ಪೊಲೀಸರಿಗೆ ಫೋನು ಹೋಯಿತು. "ಅಂಥಾ ಕೇಸು ಒಂದೂ ಇಲ್ಲ. ಆಕಿನ್ನ ಮುಟ್ಟಬ್ಯಾಡ್ರಿ, ನಾವು ಬರಾಕತ್ತೀವಿ," ಎಂದರು ಅವರು.

ಬಡಿಗೆ ಕೆಳಗಿಳಿಯಿತು. ಅಯ್ಯಮ್ಮ ಬಡೇಬೀಯನ್ನು ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟಳು. "ತಪ್ಪಾತವ್ವಾ," ಎಂದು ಆಕೆಯ ಚೀಲ ತಂದು ಪಕ್ಕದಲ್ಲಿಟ್ಟಳು. ಬಡೇಬೀ ಹುಡುಗಿಯ ತಲೆ ಸವರಿ, "ನನ್ನ ಮಕ್ಕಳಿಗೆ ಇವತ್ತ ತಾಯಿನ್ನ ಉಳಿಸಿದಿ ಬೇಟಿ," ಅಂದಳು.

ಸೋಮವಾರ ಅಯ್ಯಮ್ಮ ಶಾಲೆಗೆ ಹೋಗಿ ಮಾಸ್ತರರಿಗೆ ಕೈಮುಗಿದಳು. "ಒಂದು ಜೀವ ಉಳಿಸಿದ್ರಿ ಸರ. ನನ್ನ ಕೈನೂ ಪಾಪದಿಂದ ಉಳಿಸಿದ್ರಿ. ಒಂದು ದಿನ ನಮ್ಮಂಥಾ ದೊಡ್ಡೋರಿಗೂ ಈ ಪಾಠ ಹೇಳ್ರಿ."

ತಂದೆತಾಯಂದಿರೇ, ಮಗು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ವಿಚಾರ ಮಾಡಲು ಕಲಿಸುವ ಮಾಸ್ತರರ ಬೆನ್ನಿಗೆ ನಿಲ್ಲಿ. ಯಾರು ಕಂಡದ್ದೆಂದು ತಿಳಿಯದ ಸುದ್ದಿಯನ್ನು ಯಾರಿಗೂ ಕಳಿಸಬೇಡಿ. ಅದು ಯಾವ ತಾಯಿಯ ಮೇಲೆ ಬೀಳುವ ಬಡಿಗೆಯೋ ಯಾರಿಗೆ ಗೊತ್ತು!